ವಿದ್ಯೆಯ ಮೂರನೆಯ ಪಾದ

ವಿದ್ಯೆಯೆಂಬುದು ನಾಲ್ಕು ಪಾದಗಳಿಂದ ಪೂರ್ಣವಾಗತಕ್ಕ ವಸ್ತುವೆಂದು ನಮ್ಮ ಪಾಠಶಾಲೆಗಳಲ್ಲಿ ಹಿರಿಯರು ಹೇಳಿಕೊಡುತ್ತಿದ್ದುದು ವಾಚಕರಲ್ಲಿ ಅನೇಕರಿಗೆ ವಿದಿತವೇ ಇದೆ. ಒಂದು ಪಾದವು ಆಚಾರ್ಯನಿಂದ ಬರುತ್ತದೆ. ಒಂದನ್ನು ಶಿಷ್ಯನು ತನ್ನ ಬುದ್ಧಿಬಲದಿಂದಲೇ ಸಂಪಾದಿಸಬೇಕು. ಮತ್ತೊಂದು ಸಬ್ರಹ್ಮಚಾರಿಗಳಿಂದ, ಎಂದರೆ ಒಡನೆ ಓದುವವರಿಂದ, ದೊರೆಯತಕ್ಕದ್ದು. ಕಡೆಯ ಪಾದವು ಕಾಲಕ್ರಮದಲ್ಲಿ ತಾನಾಗಿ ಕೂಡಿಬರುತ್ತದೆ. ಈ ಲೆಕ್ಕದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಗುರುವಿಗೆ ಎಷ್ಟು ಪಾಲೋ ಸಹಪಾಠಿಗೂ ಅಷ್ಟೇ ಪಾಲು. ಗುರುವನ್ನು ದೇವರೆಂದು ಕೊಂಡಾಡಿದ ಸಂಪ್ರದಾಯವೇ, ಪಕ್ಕದ ಚಾಪೆಯ ಮೇಲೆ ಕುಳಿತ ಹುಡುಗನಿಗೆ ಇಷ್ಟು ದೊಡ್ಡ ಸ್ಥಾನವನ್ನು ಕೊಟ್ಟಿರುವುದು ಅಲ್ಪ ವಿಷಯವಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಹೊಸದೊಂದು ಏರ್ಪಾಡು ಕಾಣಿಸಿಕೊಂಡಿದೆ. ಅನುಭವಸ್ಥರೊಬ್ಬರು ಒಂದೂರಿನಲ್ಲಿ ಕುಳಿತು, ಬೇರೆ ಬೇರೆ ಊರುಗಳ ಹತ್ತಿಪ್ಪತ್ತು ಮಂದಿ ಹದಿಹರೆಯದವರನ್ನು ಮೊಬೈಲು, ಗಣಕಯಂತ್ರಗಳ ಮೂಲಕ ನಿಯತಕಾಲದಲ್ಲಿ ಕೂಡಿಸಿಕೊಂಡು, ಓದು ನಡತೆ ಮುಂದಿನ ಜೀವನಗಳ ವಿಷಯವಾಗಿ ದಾರಿ ತೋರುವುದೇ ಆ ಏರ್ಪಾಡು. ಇದು ವಿಲಾಯಿತಿಯ ಹೊಸ ಸರಕೆಂದು ಕೆಲವರು ಹುಬ್ಬು ಗಂಟಿಕ್ಕುವರು. ಇದೊಂದೇ ಸರ್ವರೋಗನಿವಾರಿಣಿಯೆಂದು ಮತ್ತೆ ಕೆಲವರು ಹಿಗ್ಗುವರು. ದೂರದಿಂದ ವಿದ್ಯೆಯನ್ನು ಮುಟ್ಟಿಸಲು ಕನ್ನಡನಾಡು ಮಾಡಿರುವ ಪ್ರಯತ್ನಗಳ ಇತಿಹಾಸವನ್ನು ಒಮ್ಮೆ ತಿರುವಿಹಾಕಿದರೆ ಇವೆರಡೂ ಅತಿರೇಕಗಳೆಂದು ತೋರಿಬರುವುದು. ಆ ಇತಿಹಾಸವು ಬಹುಮಟ್ಟಿಗೆ, ಸಬ್ರಹ್ಮಚಾರಿಯ ಪಾದವನ್ನು ಕಳೆದುಕೊಂಡು ಪುನಃ ಹುಡುಕಿಕೊಂಡ ಕಥೆಯೇ ಆಗಿದೆ. ಆ ಕಥೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯಿಂದಲೇ ಪ್ರಾರಂಭಿಸೋಣ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕ್ರಿಸ್ತಶಕ ಐದನೆಯ ಶತಮಾನದ್ದು. ಕುಬ್ಜನೆಂಬ ಕವಿಯು ರಚಿಸಿದ್ದು. ಕದಂಬವಂಶದ ಮೂಲಪುರುಷನಾದ ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಕಾಂಚಿಯ ಘಟಿಕಾಸ್ಥಾನಕ್ಕೆ ವಿದ್ಯಾರ್ಥಿಯಾಗಿ ಹೋದನೆಂದು ಅದು ಹೇಳುತ್ತದೆ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದುದೂ, ದರ್ಭೆ ಹಿಡಿದ ಕೈ ಖಡ್ಗ ಹಿಡಿದುದೂ ಪ್ರಸಿದ್ಧವಾದ ಸಂಗತಿಗಳು. ನಮ್ಮ ಪ್ರಸಂಗಕ್ಕೆ ಬೇಕಾದುದು ಅದಕ್ಕಿಂತ ಹಿಂದಿನ ಮಾತು. ಗುರುವು ಜೊತೆಯಲ್ಲಿಯೇ ಇದ್ದನಲ್ಲ, ಮತ್ತೆ ಕಾಂಚಿಗೆ ಹೋಗಬೇಕಾದುದೇಕೆ? ಘಟಿಕೆಯೆಂದರೆ ವಿದ್ವಾಂಸರೂ ವಿದ್ಯಾರ್ಥಿಗಳೂ ನೆರೆದಿದ್ದ ಕೂಟ. ಮನೆಯಲ್ಲಿ ಗುರುವೊಬ್ಬನಿಂದ ಸಿಕ್ಕದುದು ಆ ಕೂಟದಲ್ಲಿ ಸಿಕ್ಕುತ್ತಿತ್ತೆಂದೇ ನಾವು ಊಹಿಸಬೇಕಾಗಿದೆ.

ಬಿಜಾಪುರ ಜಿಲ್ಲೆಯ ಸಾಲೋಟಗಿಯಲ್ಲಿರುವ ೯೪೫ನೆಯ ಇಸವಿಯ ಶಾಸನವೂ ಇದನ್ನೇ ಸಮರ್ಥಿಸುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಸತಿಗಾಗಿ ೨೭ ಮನೆಗಳು ಮೀಸಲಾಗಿದ್ದುವು. ನಮ್ಮ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು, ಅಲ್ಲಿ ವೇದ ವ್ಯಾಕರಣಾದಿ ಶಾಸ್ತ್ರಗಳ ಪಾಠ ನಡೆಯುತ್ತಿದ್ದುದನ್ನು ಮಾತ್ರವಲ್ಲದೆ, ದೀನಾನಾಥರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುದನ್ನು ಹೇಳುತ್ತದೆ. ಓದುವ ಹುಡುಗನು ಅಲ್ಲಿ ಶಾಸ್ತ್ರವನ್ನು ಕಿವಿಯಿಂದಲೂ ಲೋಕವನ್ನು ಕಣ್ಣಿನಿಂದಲೂ ಕಲಿಯುತ್ತಿದ್ದನು. ಆದರೆ ಈ ಭಾಗ್ಯವು ಯಾರಿಗೆ? ಮನೆ ಬಿಟ್ಟು ಹೋಗಬಲ್ಲವರಿಗೆ, ಪ್ರವೇಶಕ್ಕೆ ಅರ್ಹತೆಯುಂಟೆಂದು ಅಂದಿನ ಸಮಾಜವು ಒಪ್ಪಿದವರಿಗೆ ಮಾತ್ರ. ಹೆಣ್ಣುಮಕ್ಕಳೂ ದುಡಿಯುವ ವರ್ಗದವರೂ ಬಹುತೇಕ ಹೊರಗೇ ಉಳಿದರು. ಹಳೆಯದನ್ನು ಹೊಗಳುವಾಗ ಈ ನ್ಯೂನತೆಯನ್ನು ಮುಚ್ಚುವುದು ಇತಿಹಾಸಧರ್ಮವಲ್ಲ.

ಸಹಪಾಠಿಯೇ ಉಪಾಧ್ಯಾಯನಾಗುವ ಪದ್ಧತಿಯು ಹಳ್ಳಿಯ ಕೂಲಿಮಠಗಳಲ್ಲಿ ಇನ್ನೂ ಸ್ಪಷ್ಟವಾಗಿತ್ತು. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಶಾಲೆಗಳ ಗಣತಿಗೆ ಆಜ್ಞೆ ಮಾಡಿದನು. ಅದರ ಮೇರೆಗೆ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯು ಇಂದಿಗೂ ಓದತಕ್ಕದ್ದು. ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರೆಂದು ಅವನು ಬರೆದನು. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಲೆಕ್ಕ ಹಾಕಿದರೆ ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು ಮಕ್ಕಳಾದರು. ಅಲ್ಪ ವೆಚ್ಚದಲ್ಲಿ ಬರೆವಣಿಗೆಯನ್ನು ಕಲಿಸುವ ಬಗೆಯನ್ನೂ, ಮುಂದುವರಿದ ಮಕ್ಕಳಿಂದ ಹಿಂದಿನವರಿಗೆ ಪಾಠ ಹೇಳಿಸುವ ಕ್ರಮವನ್ನೂ ಅವನು ಮೆಚ್ಚಿ, ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿರುವುದು ನ್ಯಾಯವೇ ಎಂಬರ್ಥದ ಮಾತನ್ನು ಆಡಿದನು. ಅದು ಬರಿಯ ಉಪಚಾರೋಕ್ತಿಯಲ್ಲ. ಆಂಡ್ರೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಾಲಯದಲ್ಲಿ, ಮರಳಿನ ಮೇಲೆ ಬರೆದು ಒಬ್ಬರಿಂದೊಬ್ಬರು ಕಲಿಯುವ ರೀತಿಯನ್ನು ಪ್ರಯೋಗಿಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೇ ಅಚ್ಚುಮಾಡಿಸಿದ್ದನು. ಅದು ಅಲ್ಲಿ ಮದರಾಸು ಪದ್ಧತಿಯೆಂದೇ ಹೆಸರಾಯಿತು. ಇದಲ್ಲದೆ ಕ್ಯಾಂಬೆಲ್ಲನು, ಜನರ ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿರುವುವೆಂದು ವ್ಯಸನಪಟ್ಟುದನ್ನೂ ಮರೆಯಬಾರದು.

ಇಪ್ಪತ್ತನೆಯ ಶತಮಾನದಲ್ಲಿ ವಿದ್ಯೆಗೆ ಅಂಚೆಯೂ ಆಕಾಶವೂ ವಾಹನಗಳಾದುವು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ ವಿಠಲ ವಿಹಾರದಲ್ಲಿಯೇ, ೩೦ ವ್ಯಾಟ್ ಶಕ್ತಿಯ ಸಣ್ಣ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು, ಅದೇ ಆಕಾಶವಾಣಿ. ೧೯೬೫ರಲ್ಲಿ ನಮ್ಮ ಭದ್ರಾವತಿಗೂ ಆಕಾಶವಾಣಿಯ ನಿಲಯ ಬಂದಿತು. ೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಕಳುಹಿಸುವ ಸಂಸ್ಥೆಯನ್ನು ತೆರೆಯಿತು. ಅದೇ ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ೧೯೮೭ರಲ್ಲಿ ಸ್ಥಾಪಿತವಾಗಿ, ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿ ನೆಲೆಸಿದ ಕುವೆಂಪು ವಿಶ್ವವಿದ್ಯಾನಿಲಯವೂ ಮುಂದೆ ದೂರಶಿಕ್ಷಣದ ವಿಭಾಗವನ್ನು ಏರ್ಪಡಿಸಿತು. ಇವುಗಳಿಂದ ನೌಕರಿಯಲ್ಲಿದ್ದವರೂ ಗೃಹಿಣಿಯರೂ ಪದವೀಧರರಾದುದು ಸಾಮಾನ್ಯವಾದ ಉಪಕಾರವಲ್ಲ.

ಆದರೂ ಒಂದು ಕೊರತೆಯುಂಟಾಯಿತು. ಅಂಚೆಯ ಪಾಠವು ಆಚಾರ್ಯನ ಪಾದವನ್ನು ಲಕೋಟೆಯಲ್ಲಿಟ್ಟು ಕಳುಹಿಸಬಲ್ಲುದು. ಸಹಪಾಠಿಯ ಪಾದವು ಲಕೋಟೆಗೆ ಸೇರದು. ರಾತ್ರಿ ದೀಪದ ಮುಂದೆ ಒಬ್ಬನೇ ಕುಳಿತು ಓದುವವನಿಗೆ ಸಂಶಯ ಬಂದರೆ ಕೇಳುವುದು ಯಾರನ್ನು? ಈ ತೊಂದರೆಯನ್ನು ಬಲ್ಲುದರಿಂದಲೇ ಆ ಸಂಸ್ಥೆಗಳು ವರ್ಷಕ್ಕೊಮ್ಮೆ ಸಂಪರ್ಕ ತರಗತಿಗಳನ್ನು ಇಟ್ಟುಕೊಂಡುವು. ಪ್ರಾಪ್ತವಯಸ್ಕನು ಏಕಾಂತವನ್ನು ಹೇಗೋ ಸಹಿಸಿಕೊಂಡಾನು. ಹದಿನಾಲ್ಕು ವರ್ಷದ ಹುಡುಗಿಗೆ ಅದು ಅಸಾಧ್ಯವಾದ ತಪಸ್ಸು.

ಉಪಗ್ರಹದ ಮೂಲಕ ನಡೆದ ದೂರದರ್ಶನದ ಪ್ರಯೋಗವು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ೧೯೭೫ರ ಆಗಸ್ಟ್ ಒಂದರಿಂದ ೧೯೭೬ರ ಜುಲೈ ೩೧ರ ವರೆಗೆ ಅಮೇರಿಕದ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಪ್ರಸಾರ ನಡೆಯಿತು; ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದಕ್ಕೆ ಸೇರಿದ್ದುವು. ಹಳ್ಳಿಗೊಂದೇ ಪೆಟ್ಟಿಗೆಯಾದುದರಿಂದ ಮಕ್ಕಳೂ ದೊಡ್ಡವರೂ ಒಟ್ಟಿಗೆ ಕುಳಿತು ನೋಡಿದರು. ಕೂಟವು ಉಳಿಯಿತು, ಆದರೆ ಪೆಟ್ಟಿಗೆಯು ಮಾತನಾಡುತ್ತಿತ್ತೇ ಹೊರತು ಕೇಳಿಸಿಕೊಳ್ಳುತ್ತಿರಲಿಲ್ಲ. ೨೦೦೪ರ ಸೆಪ್ಟೆಂಬರ್ ೨೦ರಂದು ಶ್ರೀಹರಿಕೋಟೆಯಿಂದ ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳಿಗೂ ಆ ಯೋಜನೆಯಿಂದ ಪಾಠಗಳು ಬಂದುವು. ದೂರದ ಉಪನ್ಯಾಸಕನಿಗೆ ಕೇಳುಗನು ಮರುಪ್ರಶ್ನೆ ಹಾಕುವ ಅನುಕೂಲವೂ ಕ್ರಮೇಣ ಒದಗಿತು.

ಪರದೇಶಗಳ ಅನುಭವವೂ ಇದಕ್ಕೆ ಸಂವಾದಿಯಾಗಿಯೇ ಇದೆ. ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ೧೯೫೧ರಲ್ಲಿ ಆಕಾಶಶಾಲೆಯೊಂದು ಹುಟ್ಟಿತು. ನೂರಾರು ಮೈಲಿಗಳಂತರದ ದನದ ಹಟ್ಟಿಗಳಲ್ಲಿ ಬೆಳೆಯುತ್ತಿದ್ದ ಮಕ್ಕಳು, ವಿಮಾನದಲ್ಲಿ ಬರುವ ವೈದ್ಯರನ್ನು ಕರೆಯಲೆಂದು ಮನೆಗಳಲ್ಲಿ ಇರಿಸಿಕೊಂಡಿದ್ದ ರೇಡಿಯೋ ಯಂತ್ರದಲ್ಲಿಯೇ ಪಾಠ ಕೇಳಿದರು. ಅಷ್ಟೇ ಅಲ್ಲದೆ ಉಪಾಧ್ಯಾಯಿನಿಗೆ ಉತ್ತರ ಹೇಳಿದರು, ಒಬ್ಬರ ಧ್ವನಿಯನ್ನೊಬ್ಬರು ಕೇಳಿದರು. ಆ ಮಕ್ಕಳಿಗೆ ಅಂಚೆಯ ಪಾಠಗಳು ಮೊದಲೇ ಬರುತ್ತಿದ್ದುವು. ಆಕಾಶಶಾಲೆಯು ಹೊಸದಾಗಿ ಕೊಟ್ಟುದು ಸಂಗಡಿಗರನ್ನು. ಮೆಕ್ಸಿಕೋ ದೇಶವು ೧೯೬೮ರಲ್ಲಿ ಹಳ್ಳಿಯ ಹದಿಹರೆಯದವರಿಗಾಗಿ ದೂರದರ್ಶನದ ಪ್ರೌಢಶಾಲೆಗಳನ್ನು ತೆರೆದಾಗ, ಪಾಠವನ್ನು ಪರದೆಗೆ ಒಪ್ಪಿಸಿದರೂ, ಪ್ರತಿ ಕೊಠಡಿಯಲ್ಲಿಯೂ ಒಬ್ಬ ಸ್ಥಳೀಯ ಶಿಕ್ಷಕನನ್ನು ಇರಿಸಿತು. ನಮ್ಮವರೇ ಆದ ಪ್ರೊಫೆಸರ್ ಸುಗತ ಮಿತ್ರರು ೨೦೦೯ರಲ್ಲಿ ಬ್ರಿಟನ್ನಿನ ಹಿರಿಯರನ್ನು ಸ್ಕೈಪಿನ ಮೂಲಕ ಭಾರತದ ಮಕ್ಕಳ ಗುಂಪುಗಳೊಡನೆ ಕೂಡಿಸಿದರು. ಆ ಹಿರಿಯರಲ್ಲಿ ನಿವೃತ್ತ ಶಿಕ್ಷಕರು ಅನೇಕರು. ಪಾಠ ಹೇಳುವುದು ಅವರ ಕೆಲಸವಾಗಿರಲಿಲ್ಲ. ಮಕ್ಕಳ ಕೆಲಸವನ್ನು ನೋಡಿ ಮೆಚ್ಚುವುದು, ಪ್ರಶ್ನೆ ಕೇಳಿ ಕೆಣಕುವುದು, ಅಜ್ಜಿಯು ಮೊಮ್ಮಕ್ಕಳೊಡನೆ ಮಾಡುವಂತೆ.

ಇಷ್ಟು ಪೀಠಿಕೆಯಾದ ಮೇಲೆ ೨೦೨೦ನೆಯ ಇಸವಿಗೆ ಬರೋಣ. ಆ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ಭಯದಿಂದ ಶಾಲೆಗಳು ಮುಚ್ಚಿದುವು. ಜೂನ್ ೨೫ರಿಂದ ಜುಲೈ ಆರಂಭದ ವರೆಗೆ ಎಂಟು ಲಕ್ಷ ಮಕ್ಕಳ ಹತ್ತನೆಯ ತರಗತಿಯ ಪರೀಕ್ಷೆಯು ಮುಖಗವಸಿನ ನಡುವೆ ಜರುಗಿತು. ಆ ಬಳಿಕ ಪ್ರೌಢಶಾಲೆಯ ಮೂರು ತರಗತಿಗಳಿಗೆ ಚಂದನ ವಾಹಿನಿಯಲ್ಲಿ ಸಂವೇದವೆಂಬ ಪಾಠಮಾಲೆ ಬಂದಿತು. ಅನುಕೂಲಸ್ಥರ ಶಾಲೆಗಳು ಅಂತರ್ಜಾಲದ ತರಗತಿಗಳನ್ನು ಹಿಡಿದುವು. ಚಿಕ್ಕ ಮಕ್ಕಳಿಗೆ ಅವು ಬೇಡವೆಂದು ಸರ್ಕಾರವು ನಿಷೇಧಿಸಿದುದೂ, ಆ ನಿಷೇಧವನ್ನು ಜುಲೈ ೮ರಂದು ಉಚ್ಚ ನ್ಯಾಯಾಲಯವು ತಡೆಹಿಡಿದುದೂ ಆ ಕಾಲದ ವಾದವಿವಾದಗಳು.

ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮವೆಂಬ ಏರ್ಪಾಡೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಅದು ಮಕ್ಕಳನ್ನು ಮೂರು ವರ್ಗಗಳಾಗಿ ಎಣಿಸಿತು: ಯಾವ ಸಾಧನವೂ ಇಲ್ಲದವರು, ಮಾತಿಗೆ ಮಾತ್ರ ಒದಗುವ ದೂರವಾಣಿಯುಳ್ಳವರು, ಅಂತರ್ಜಾಲವುಳ್ಳ ಮೊಬೈಲಿನವರು. ಈ ವರ್ಗಗಳಿಗೆ ‘ಕಾಲ್ಪನಿಕ ಕೊಠಡಿ’ಗಳೆಂದು ಹೆಸರಾಯಿತು. ಗೋಡೆಯಿಲ್ಲದ, ಮನಸ್ಸಿನಲ್ಲಿ ಮಾತ್ರ ಇರುವ ಕೊಠಡಿ. ಸರ್ಕಾರದ ಸುತ್ತೋಲೆಯಲ್ಲಿ ಇಂಥ ಕವಿತ್ವವು ಅಪೂರ್ವ. ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕನು ಮಾರ್ಗದರ್ಶಿಯಾದನು. ಸಾಧನವಿದ್ದೆಡೆ ವಾಟ್ಸಾಪಿನ ಗುಂಪು. ಇಲ್ಲದೆಡೆ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ. ಅಕ್ಟೋಬರಿನಲ್ಲಿ ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗಲಿದ ವಾರ್ತೆಗಳಿಂದ ಅದನ್ನು ನಿಲ್ಲಿಸಬೇಕಾಯಿತು. ೨೦೨೧ರ ಜನವರಿ ಒಂದರಿಂದ ಪರಿಷ್ಕೃತ ರೂಪದಲ್ಲಿ ಶಾಲೆಯ ಆವರಣದಲ್ಲಿಯೇ ಪುನಃ ತೊಡಗಿತು. ಆಯುಸ್ಸು ಅಲ್ಪವಾದರೂ ಆ ಏರ್ಪಾಡಿನಲ್ಲಿ ಹಳೆಯ ಸತ್ಯವೊಂದು ಅಡಗಿತ್ತು. ವಾಹಿನಿಯ ಪಾಠವು ಲಕ್ಷ ಮಂದಿಗೆ ಒಂದೇ ಸಲ ಮುಟ್ಟುತ್ತದೆ. ಇಂದು ಸಂಜೆ ಯಾವ ಮನೆಯಲ್ಲಿ ಯಾವ ಮಗು ಪುಸ್ತಕ ಮುಚ್ಚಿಟ್ಟಿತೆಂಬುದು, ಇಪ್ಪತ್ತು ಹೆಸರುಗಳನ್ನು ಬಲ್ಲ ಒಬ್ಬನಿಗೆ ಮಾತ್ರ ಗೊತ್ತಾಗುತ್ತದೆ.

ಹದಿಹರೆಯದವರಿಗೆ ಇಂಥ ಗುಂಪಿನಿಂದ ಆಗುವ ಪ್ರಯೋಜನಗಳೇನೆಂಬುದನ್ನು ಈಗ ವಿಚಾರಿಸಬಹುದು. ಮಗನಿಗೆ ಹದಿನಾರು ತುಂಬಿದರೆ ಸ್ನೇಹಿತನಂತೆ ಕಾಣಬೇಕೆಂದು ನೀತಿಕಾರರು ಹೇಳಿದರು. ಆ ವಯಸ್ಸಿನಲ್ಲಿ ಮಾತು ಹಿರಿಯರಿಂದ ಓರೆಯಾಗಿ ಓರಗೆಯವರ ಕಡೆಗೆ ಹರಿಯುವುದೆಂಬುದು ಅವರಿಗೆ ತಿಳಿದಿತ್ತು. ಕೇಂದ್ರ ಸರ್ಕಾರವು ೨೦೧೪ರಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದವರ ಆರೋಗ್ಯಕ್ಕೆಂದು ಆರಂಭಿಸಿದ ಕಾರ್ಯಕ್ರಮದಲ್ಲಿ, ಅದೇ ವಯಸ್ಸಿನವರನ್ನು ಆರಿಸಿ ಶಿಕ್ಷಣ ಕೊಟ್ಟು ತಮ್ಮವರಿಗೆ ತಿಳಿಹೇಳುವಂತೆ ಮಾಡಿದುದೂ ಈ ಕಾರಣದಿಂದಲೇ. ಒಬ್ಬನನ್ನೇ ಎದುರಿಗೆ ಕುಳ್ಳಿರಿಸಿಕೊಂಡು ಬುದ್ಧಿ ಹೇಳಿದರೆ ಅದು ವಿಚಾರಣೆಯಂತೆ ತೋರುತ್ತದೆ. ಹತ್ತು ಮಂದಿಯ ನಡುವೆ ಒಬ್ಬನು ತನ್ನ ಕಷ್ಟವನ್ನು ಹೇಳಿಕೊಂಡರೆ, ಬಾಯಿಬಿಡದ ಮೂವರು ತಮಗೂ ಅದೇ ಕಷ್ಟವಿದೆಯೆಂದು ಒಳಗೊಳಗೇ ಸಮಾಧಾನಪಡುವರು. ಇದು ಮೊದಲನೆಯ ಲಾಭ.

ಎರಡನೆಯದು, ಪರಿಚಯದ ವಿಸ್ತಾರ. ಭದ್ರಾ ಜಲಾಶಯದ ಅಂಚಿನ ಒಂಟಿಮನೆಯ ಹುಡುಗಿಯೊಬ್ಬಳು ತಾನು ಕಂಡ ಉದ್ಯೋಗಗಳನ್ನು ಎಣಿಸಿದರೆ ಕೈಬೆರಳು ಸಾಕಾದೀತು. ಬೇರೆ ಜಿಲ್ಲೆಯ, ಬೇರೆ ಜಾತಿಯ, ಬೇರೆ ಕಸುಬಿನ ಮನೆಗಳ ಮಕ್ಕಳೊಡನೆ ವಾರಕ್ಕೊಂದು ಗಂಟೆ ಮಾತನಾಡಿದರೆ, ಹತ್ತನೆಯ ತರಗತಿಯಾದ ಮೇಲೆ ದಾರಿಯು ಒಂದೇ ಅಲ್ಲವೆಂಬುದು ಅವಳಿಗೆ ಉಪದೇಶವಿಲ್ಲದೆ ತಿಳಿದೀತು. ಸಾಲೋಟಗಿಯ ೨೭ ಮನೆಗಳು ಮಾಡುತ್ತಿದ್ದುದು ಇದನ್ನೇ. ಆದರೆ ಅಲ್ಲಿಗೆ ಹೋಗಲಾರದೆ ಹೊರಗುಳಿದವಳಿಗೆ ಈ ಕೂಟದ ಬಾಗಿಲು ತೆರೆಯಬಹುದಾಗಿದೆ. ಮೂರನೆಯದು, ಬಲ್ಲವನು ಹೇಳಿಕೊಡುವಾಗ ತಾನೇ ಕಲಿಯುವ ಲಾಭ. ಬಳ್ಳಾರಿಯ ಕೂಲಿಮಠದ ದೊಡ್ಡ ಹುಡುಗನಿಗೆ ಆದ ಉಪಕಾರವು ಇಂದಿನ ಗುಂಪಿನಲ್ಲಿ ಬೀಜಗಣಿತವನ್ನು ಬಿಡಿಸಿ ತೋರಿಸುವವನಿಗೂ ಆಗುತ್ತದೆ.

ಇನ್ನು ಪೂರ್ವಪಕ್ಷ. ಮಲೆನಾಡಿನಲ್ಲಿ ಅಲೆ ಸಿಕ್ಕುವುದೇ ಗುಡ್ಡದ ನೆತ್ತಿಯಲ್ಲಿ. ಕಾಲ್ಪನಿಕ ಕೊಠಡಿಗೆ ಬಾಗಿಲೆಲ್ಲಿ? ಎಂದು ಕೇಳುವರು. ಈ ಆಕ್ಷೇಪವು ಸುಳ್ಳಲ್ಲ. ೨೦೨೧ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಮನೆಗೊಂದೇ ಮೊಬೈಲಿರುವಾಗ ಅದು ಮೊದಲು ಮಗನ ಕೈಗೆ ಹೋಗುವುದೂ ಉಂಟು. ಯಂತ್ರದ ಪಾಠವು ಶಾಲೆಗೆ ಸಮಾನವಲ್ಲವೆಂಬುದಕ್ಕೂ ಪ್ರಮಾಣವಿದೆ: ಅಜೀಂ ಪ್ರೇಮ್‌ಜಿ ಸಂಸ್ಥೆಯವರು ೨೦೨೧ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ೧೬,೦೬೭ ಪ್ರಾಥಮಿಕ ಶಾಲಾಮಕ್ಕಳನ್ನು ಪರೀಕ್ಷಿಸಿದಾಗ, ನೂರಕ್ಕೆ ೯೨ ಮಂದಿ ಭಾಷೆಯಲ್ಲಿ ಹಿಂದೆ ಬಲ್ಲ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು, ಗಣಿತದಲ್ಲಿ ೮೨ ಮಂದಿ. ಆದಕಾರಣ ಶಾಲೆಯ ಬದಲಿಗೆ ಈ ಗುಂಪುಗಳೆಂದು ಯಾರಾದರೂ ಹೇಳಿದರೆ ಅದನ್ನು ಖಂಡಿತವಾಗಿ ನಿರಾಕರಿಸಬೇಕು. ಇವು ಶಾಲೆಗೆ ಊರುಗೋಲು, ಕಾಲಲ್ಲ.

ಮತ್ತೊಂದು ಆಕ್ಷೇಪವು ಇನ್ನೂ ಗಂಭೀರವಾದುದು. ಅಪರಿಚಿತರೊಡನೆ ಮಕ್ಕಳು ಗುಟ್ಟಾಗಿ ಮಾತನಾಡಲು ಯಂತ್ರವು ಎಡೆಗೊಡುತ್ತದೆ. ಅದರಿಂದಾಗುವ ಅನರ್ಥಗಳು ಪತ್ರಿಕೆಗಳಲ್ಲಿ ಪ್ರತಿದಿನವೂ ಬರುತ್ತಿವೆ. ಇದಕ್ಕೆ ಉತ್ತರವು ಗುಂಪಿನ ಸ್ವಭಾವದಲ್ಲಿಯೇ ಇದೆ. ಜಗಲಿಯ ಪಾಠವು ಬೀದಿಗೆ ಕಾಣುತ್ತಿತ್ತು. ಕೇಳುವ ಕಿವಿಗಳೇ ಕಾವಲಾಗಿದ್ದುವು. ಕಾಲ್ಪನಿಕ ಕೊಠಡಿಯೂ ಹಾಗೆಯೇ ಬಯಲಾಗಿರಬೇಕು: ಮಾರ್ಗದರ್ಶಿಯು ಮಗುವಿನೊಡನೆ ಪ್ರತ್ಯೇಕವಾಗಿ ಸಂಭಾಷಿಸಕೂಡದು, ಇಬ್ಬರು ಹಿರಿಯರು ಸದಾ ಇರತಕ್ಕದ್ದು, ತಂದೆತಾಯಿಗಳಿಗೆ ವೇಳೆಯೂ ವಿಷಯವೂ ಮೊದಲೇ ತಿಳಿದಿರಬೇಕು. ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಶಾಸನವು, ಹದಿನೆಂಟು ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಗಳ ಸಮ್ಮತಿಯನ್ನು ವಿಧಿಸಿರುವುದು ಇದೇ ತತ್ತ್ವಕ್ಕೆ ಅನುಗುಣವಾಗಿದೆ.

ಹಾಗಾದರೆ ಈಗ ಮಾಡತಕ್ಕದ್ದೇನು? ಇತಿಹಾಸವು ಹೇಳುವ ಪಾಠವು ಸ್ಪಷ್ಟವಾಗಿದೆ. ಗುರುವು ದೂರದಲ್ಲಿದ್ದರೂ ಶಿಷ್ಯರು ಒಟ್ಟಿಗೆ ಕುಳಿತಿದ್ದ ಕಡೆ, ಅಥವಾ ಒಬ್ಬರೊಡನೊಬ್ಬರು ಮಾತನಾಡಲು ಎಡೆಯಿದ್ದ ಕಡೆ, ದೂರದ ವಿದ್ಯೆಯು ಬೇರೂರಿತು. ಒಬ್ಬೊಬ್ಬರಾಗಿ ಉಳಿದ ಕಡೆ ಸೊರಗಿತು. ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ೨೦೨೦ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದ ಸದಸ್ಯತ್ವ ದೊರೆಯಿತು. ಅನೇಕ ಕೇಂದ್ರಗಳಿಗೆ ಗಣಕಯಂತ್ರಗಳೂ ಬಂದಿವೆ. ಹತ್ತು ಮಕ್ಕಳು ವಾರಕ್ಕೊಂದು ಸಂಜೆ ಆ ಕೋಣೆಯಲ್ಲಿ ಒಂದೇ ಪರದೆಯ ಮುಂದೆ ಕುಳಿತು, ದೂರದೂರಿನ ಮಾರ್ಗದರ್ಶಿಯೊಡನೆಯೂ ಅಂಥದೇ ಮತ್ತೊಂದು ಕೇಂದ್ರದ ಮಕ್ಕಳೊಡನೆಯೂ ಮಾತನಾಡಿದರೆ, ಮನೆಗೊಂದು ಮೊಬೈಲು ಬೇಕಿಲ್ಲ, ಹುಡುಗಿಯು ತನ್ನ ಸರದಿಗೆ ಕಾಯಬೇಕಿಲ್ಲ, ಕಾವಲಿಗೆ ಗ್ರಂಥಪಾಲಕರಿದ್ದಾರೆ.

ಮಾರ್ಗದರ್ಶಿಗಳಿಗೆ ಕೊರತೆಯಿದೆಯೇ? ಶಿವಮೊಗ್ಗ ಭದ್ರಾವತಿಗಳ ಪ್ರತಿ ಬಡಾವಣೆಯಲ್ಲಿಯೂ ನಿವೃತ್ತ ಶಿಕ್ಷಕರು, ಕಾರ್ಖಾನೆಗಳಿಂದ ವಿಶ್ರಾಂತರಾದ ಕುಶಲ ಕೆಲಸಗಾರರು, ದಾದಿಯರು, ಬ್ಯಾಂಕಿನವರು ಇದ್ದಾರೆ. ಶಂಕರಘಟ್ಟದಲ್ಲಿ ಉಚ್ಚ ವ್ಯಾಸಂಗದ ಯುವಕ ಯುವತಿಯರಿದ್ದಾರೆ. ಇವರಿಗೆ ಬೇಕಾದುದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ನಿಯಮ: ಹೇಳಿದ ದಿನ ಹೇಳಿದ ಹೊತ್ತಿಗೆ ಬರುವುದು, ಹತ್ತು ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು, ತಾವು ಕಡಮೆ ಮಾತನಾಡಿ ಮಕ್ಕಳಿಂದ ಹೆಚ್ಚು ಆಡಿಸುವುದು. ಕಡೆಯದು ನಮ್ಮಂಥ ಉಪಾಧ್ಯಾಯವೃತ್ತಿಯವರಿಗೆ ಬಲು ಕಷ್ಟವಾದ ವ್ರತವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಹತ್ತನೆಯ ತರಗತಿಯ ಫಲಿತಾಂಶದ ಮರುದಿನ ತೇರ್ಗಡೆಯಾಗದ ಮಗುವು ಎಲ್ಲಿ ಹೋಗುತ್ತದೆಯೆಂದು ಯಾರೂ ಬರೆದಿಡುವುದಿಲ್ಲ. ಆ ದಿನ ಅದರ ಹೆಸರನ್ನು ಹಿಡಿದು ಕೂಗುವ ಓರಗೆಯವರು ನಾಲ್ವರೂ, ಪುನಃ ಪರೀಕ್ಷೆಗೆ ಕುಳಿತುಕೊಳ್ಳೆಂದು ಹೇಳುವ ಹಿರಿಯರೊಬ್ಬರೂ ಇದ್ದರೆ, ಒಂದು ಬಾಳು ಕೆಟ್ಟುಹೋಗದೆ ಉಳಿದೀತು. ಆಚಾರ್ಯನ ಪಾದವನ್ನು ಇಂದು ಯಂತ್ರಗಳೂ ಒಂದಿಷ್ಟು ತಂದುಕೊಡಬಲ್ಲುವು, ಬುದ್ಧಿಯು ಮಗುವಿನದೇ, ಕಾಲವು ತನ್ನ ಕೆಲಸವನ್ನು ಮಾಡಿಯೇ ಮಾಡುವುದು. ಮೂರನೆಯ ಪಾದವನ್ನು ಕೂಡಿಸಿಕೊಡುವ ಭಾರ ಮಾತ್ರ ಹಿರಿಯರಾದ ನಮ್ಮ ಮೇಲಿದೆ. ನಮ್ಮ ಜಿಲ್ಲೆಯ ಸಾಹಿತ್ಯಾಭಿಮಾನಿಗಳ ಮನೆಗಳಿಂದ ವರ್ಷಕ್ಕೆ ಹತ್ತು ಮಂದಿಯಾದರೂ ಈ ಭಾರಕ್ಕೆ ಹೆಗಲು ಕೊಡುವರೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.